ಮೂರನೆಯ ಚರಣ

ಅವರ ಎಡಗೈ ಬೆರಳ ತುದಿಗಳು ಒಣಕೊಬ್ಬರಿಯಷ್ಟು ಗಟ್ಟಿ. ಶಿರಾ ಗೇಟ್‌ನ ಟೀ ಅಂಗಡಿಯಲ್ಲಿ ನಾವೆಲ್ಲ ಬಿಸಿ ಗ್ಲಾಸಿಗೆ ಕರ್ಚೀಫು ಸುತ್ತಿ ಹಿಡಿದುಕೊಳ್ಳುತ್ತಿದ್ದರೆ, ಅವರು ಬರಿಗೈಯಲ್ಲಿ ಹಿಡಿದು ಆರಾಮಾಗಿ ಹೀರುತ್ತಿದ್ದರು. ಗಿಟಾರಿನ ತಂತಿ ಒತ್ತಿ ಒತ್ತಿ ಆ ಬೆರಳುಗಳಿಗೆ ಬಿಸಿ ತಾಕುವುದೇ ನಿಂತುಹೋಗಿತ್ತು. "ಬೆರಳಿಗೇನೋ ದಪ್ಪ ಚರ್ಮ ಬಂತು ಕಣಮ್ಮ, ಎದೆಗೆ ಬರ್ಲೇ ಇಲ್ಲ" ಎಂದು ನಗುತ್ತಿದ್ದರು.

ನಾವು ಅವರನ್ನು ಭಾಯ್ ಎನ್ನುತ್ತಿದ್ದೆವು. ಅರ್ಧ ತುಮಕೂರು ಹಾಗೇ ಕರೆಯುತ್ತಿತ್ತು. ಅವರದು ಮೈಕ್‌ಸೆಟ್ ಅಂಗಡಿ. ಹಗಲೆಲ್ಲ ಕೆಟ್ಟ ಆಂಪ್ಲಿಫೈಯರುಗಳ ರಿಪೇರಿ, ಸಂಜೆ ಶಟರ್ ಅರ್ಧ ಇಳಿಸಿ ನಮ್ಮ ರಾಕ್ ಬ್ಯಾಂಡಿನ ಪ್ರ್ಯಾಕ್ಟೀಸು. ಹಾಡು, ಗಿಟಾರು ಅವರದು; ಡ್ರಮ್ಸ್ ನನ್ನದು. ನಮ್ಮ ಕಡೆ ರಾಕ್ ಎಂದರೆ ಯಾರಿಗೆ ಗೊತ್ತು? ಗಣಪತಿ ಪೆಂಡಾಲಿನವರೂ ರಾಜ್ಯೋತ್ಸವದವರೂ ನಮ್ಮನ್ನು 'ಆರ್ಕೆಸ್ಟ್ರಾ' ಎಂದೇ ಪೋಸ್ಟರಿನಲ್ಲಿ ಹಾಕಿಸುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾಯ್ ಮಾತ್ರ, "ಬುಡಮ್ಮಾ, ಸ್ಟೇಜ್ ಕೊಟ್ಟವ್ರಲ್ಲ, ಅಷ್ಟು ಸಾಕು" ಎಂದು ವೈರು ಬಿಚ್ಚುತ್ತಾ ಕೂತುಬಿಡುತ್ತಿದ್ದರು.

ನಾನು ಗುಬ್ಬಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದವಳು. ಅಂಗಡಿಯೊಳಗಿನ ಡ್ರಮ್ಸ್ ನೋಡುತ್ತಾ ಬಾಗಿಲಲ್ಲೇ ನಿಂತವಳನ್ನು ಒಳಗೆ ಕರೆದು ಕೋಲು ಕೈಗೆ ಕೊಟ್ಟವರು ಅವರು. ಪಕ್ಕದ ಟೈರ್ ಅಂಗಡಿಯವರು, "ಹೆಣ್ಮಗಳು ಇದ್ನ ಬಾರಿಸ್ತಾಳಾ ಭಾಯ್?" ಎಂದು ಕೇಳಿದ್ದಕ್ಕೆ, "ಎರಡು ಕೈ ಇದಾವಲ್ಲ, ಇನ್ನೇನ್ ಬೇಕು?" ಎಂದರು. ಆಮೇಲೆ ಅಪ್ಪನನ್ನು ಒಪ್ಪಿಸಲು ಗುಬ್ಬಿಗೇ ಬಂದರು. ಅಮ್ಮ ಕೊಟ್ಟ ಉಪ್ಪಿಟ್ಟು ತಿಂದರು, ಅಟ್ಟದ ಮೇಲೆ ಸತ್ತು ಬಿದ್ದಿದ್ದ ನಮ್ಮ ರೇಡಿಯೋ ಇಳಿಸಿ ರಿಪೇರಿ ಮಾಡಿದರು, ಬಾಗಿಲು ದಾಟುವಾಗ ಮಾತ್ರ, "ನಿಮ್ಮ ಮಗಳ ಕೈಯಾಗೆ ತಾಳ ಐತೆ ಸಾರ್" ಎಂದರು. ರೇಡಿಯೋ ಹಾಡುತ್ತಿತ್ತು, ಅಪ್ಪನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಮೈಕ್ ಪರೀಕ್ಷೆಯಲ್ಲೂ ಅವರದೇ ದಾರಿ. ಎಲ್ಲರೂ ಹಲೋ ಹಲೋ ಎಂದರೆ ಇವರು ಪ್ರೈವೇಟ್ ಬಸ್ಸಿನ ಕಂಡಕ್ಟರ್ ಧಾಟಿಯಲ್ಲಿ "ಗುಬ್ಬಿ ಗುಬ್ಬಿ ಗುಬ್ಬಿ, ನಿಟ್ಟೂರ್, ತಿಪ್ಟೂರ್!" ಎಂದು ಕೂಗುತ್ತಿದ್ದರು. ಒಮ್ಮೆ ಬೆಳ್ಳಾವಿಯಲ್ಲಿ ಅಜ್ಜಿಯೊಬ್ಬರು ಚೀಲ ಎತ್ತಿಕೊಂಡು ಸ್ಟೇಜಿನ ಹತ್ತಿರವೇ ಬಂದುಬಿಟ್ಟರು. ಭಾಯ್ ಮೈಕ್ ಅಲ್ಲೇ ಬಿಟ್ಟು ಕೆಳಗಿಳಿದು, ಅವರನ್ನು ನಿಜವಾದ ಬಸ್ಸಿಗೆ ಹತ್ತಿಸಿ ಬಂದರು.

ಇಷ್ಟೆಲ್ಲ ಹಗುರವಾಗಿದ್ದ ಮನುಷ್ಯ ಒಂದು ಹಾಡಿನ ವಿಷಯದಲ್ಲಿ ಮಾತ್ರ ಹಗುರವಾಗಿರಲಿಲ್ಲ. ಅದನ್ನು ಬರೆದವರೂ ಅವರೇ, ರಾಗ ಕಟ್ಟಿದವರೂ ಅವರೇ. ಪಲ್ಲವಿ ಹೀಗೆ:

ಈ ನೆಲ ನಂದು, ಈ ಧೂಳು ನಂದು,
ಎದೆ ತಟ್ಟಿ ಹೇಳ್ತೀನಿ, ಈ ಊರು ನಂದು.

ಗಿಟಾರಿನ ಸದ್ದಿನೊಳಗಿಂದ ಆ ಸಾಲು ಎದ್ದು ಬಂದರೆ ಕೂತವರು ಕೂತಲ್ಲಿ ಇರುತ್ತಿರಲಿಲ್ಲ. ಆದರೆ ಆ ಹಾಡಿನ ಪ್ರಾಣ ಇದ್ದದ್ದು ಮೂರನೆಯ ಚರಣದಲ್ಲಿ. ಅಲ್ಲಿ ಸದ್ದೆಲ್ಲ ಇಳಿದು, ಒಂದೇ ತಂತಿಯ ಮೇಲೆ ಅವರು ನೆಲವನ್ನೇ ಕೇಳುತ್ತಿದ್ದರು:

ನಾನಂತೂ ಹೇಳಿದೆ, ಗಂಟಲು ಹರಿದು ಹೇಳಿದೆ,
ನೀನೊಮ್ಮೆ ಹೇಳೇ, ಇವನು ನನ್ನವನು ಅಂತ.

ಪ್ರ್ಯಾಕ್ಟೀಸಿನಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ಕೋಲು ತಾನಾಗಿ ನಿಲ್ಲುತ್ತಿತ್ತು. ಆದರೆ ಸ್ಟೇಜಿನ ಮೇಲೆ ಆ ಚರಣವನ್ನು ಯಾರೂ ಕೇಳಲಿಲ್ಲ. ಕಾರಣ ನಮ್ಮೂರುಗಳ ಸನ್ಮಾನದ ಪದ್ಧತಿ. ಮುಖ್ಯ ಅತಿಥಿಗಳು ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಅವರ ಕಾರು ಕಂಡಕೂಡಲೇ ಸಂಘದವರು ಹಾಡಿನ ಮಧ್ಯದಲ್ಲೇ ಶಾಲು, ಹಾರ, ಮೈಸೂರು ಪೇಟ ಹಿಡಿದು ಹತ್ತುತ್ತಾರೆ. ವಾದ್ಯ ನಿಲ್ಲಿಸಿದರೆ ಸ್ಟೇಜು ಸಪ್ಪೆ. ಚರಣ ಹಾಡಿದರೆ ಅತಿಥಿಗೆ ಅವಮಾನ. ಹಾಗಾಗಿ ಶಾಲು ಕಂಡರೆ ಪಲ್ಲವಿಗೆ ಮರಳು, ಫೋಟೋ ಮುಗಿಯುವ ತನಕ ಅದನ್ನೇ ಸುತ್ತು ಎಂಬುದು ನಮ್ಮ ಕಸುಬಿನ ನಿಯಮ. ಬರಬರುತ್ತಾ, "ಭಾಯ್, ಸಾಹೇಬ್ರು ಬಂದ್ರು, ಆ ನೆಲದ್ ಹಾಡು ಹಾಕಿ" ಎಂದು ಸಂಘದವರೇ ಕೇಳತೊಡಗಿದರು. ಜಿಲ್ಲೆಯ ಸನ್ಮಾನಗಳಿಗೆಲ್ಲ ಅದೇ ಹಾಡು. ಪಲ್ಲವಿ ಊರೂರು ಸುತ್ತಿತು, ಮೂರನೆಯ ಚರಣ ಅಂಗಡಿಯಲ್ಲೇ ಉಳಿಯಿತು.

"ಒಂದ್ಸಲ ಜನ ಪೂರ್ತಿ ಕೇಳ್ಲಿ ಕಣಮ್ಮ" ಎನ್ನುತ್ತಿದ್ದರು ಭಾಯ್. "ಆಮೇಲೆ ಬೈದ್ರೂ ಬೈಲಿ."

ಬೈಗುಳ ಮಾತ್ರ ಕಾಯಲಿಲ್ಲ. ಗುಬ್ಬಿಯ ರಾಜ್ಯೋತ್ಸವದಲ್ಲಿ ಯಾರೋ ಫೋನಿನಲ್ಲಿ ಹಿಡಿದ ಪಲ್ಲವಿ ಎಲ್ಲರ ಫೋನಿಗೂ ಹರಡಿತು. ಚುನಾವಣೆ ಬಂದಾಗ ಒಂದು ಪಕ್ಷದವರು, ಕೇಳದೆಯೇ, ಅದನ್ನು ಪ್ರಚಾರದ ಆಟೋಗಳಿಗೆ ಹಾಕಿಕೊಂಡರು. "ದೇಶಭಕ್ತಿ ಅಂದ್ರೆ ಭಾಯ್‌ನ ನೋಡಿ ಕಲೀರಿ" ಎಂದು ಅವರು ಹೊಗಳಿದರೆ, ಇನ್ನೊಂದು ಕಡೆಯವರು ಭಾಯ್ ತಮ್ಮನ್ನೇ ಮಾರಿಕೊಂಡರು ಎಂದರು. ಆ ಮಾತು ನಂಬಿ ಭಾಯ್ ಸೋದರಮಾವನ ಮಗನೇ ಅಂಗಡಿಗೆ ಬರುವುದನ್ನು ಬಿಟ್ಟ. ಅಷ್ಟರಲ್ಲಿ ನಮ್ಮ ಪ್ರ್ಯಾಕ್ಟೀಸಿನಲ್ಲಿ ಯಾರೋ ಹಿಡಿದಿದ್ದ ಮೂರನೆಯ ಚರಣದ ತುಣುಕೊಂದು ಹೊರಗೆ ಬಿತ್ತು. ಹೊಗಳಿದವರು ತಿರುಗಿಬಿದ್ದರು: "ನೆಲಕ್ಕೇ ಲೆಕ್ಕ ಕೇಳ್ತಾನಾ ಇವ್ನು? ಅನುಮಾನ ಇದ್ರೆ ಇಲ್ಲಿ ಯಾಕವ್ನೆ?" ಬೈದವರು ಈಗ ಬಂದು ಬೆನ್ನು ತಟ್ಟಿದರು. ಆ ತಟ್ಟುವಿಕೆಯೂ ಭಾಯ್‌ಗೆ ಹಿತವಾಗಲಿಲ್ಲ.

"ಅಲ್ಲ ಭಾಯ್, ಇದು ಯಾವ ಕಡೆ ಹಾಡು?" ಎಂದು ಟೀ ಅಂಗಡಿಯವರೇ ಕೇಳಿಬಿಟ್ಟರು ಒಂದು ದಿನ.

"ಗಂಟ್ಲ ಕಡೇದು ಕಣಪ್ಪ" ಎಂದರು. ನಕ್ಕು ಹೇಳಿದರು, ಆದರೆ ಟೀ ಅರ್ಧದಲ್ಲೇ ಬಿಟ್ಟು ಎದ್ದರು. ಅಂಗಡಿಗೆ ಬಂದಮೇಲೆ ನನಗೊಬ್ಬಳಿಗೇ ಹೇಳಿದರು: "ಅದು ಪ್ರೀತಿ ಹಾಡಮ್ಮ. ಎಷ್ಟು ದಿನ ಅಂತ ಒಬ್ರೇ ಹೇಳ್ಕೊಂಡಿರೋದು? ಆ ಕಡೆಯಿಂದನೂ ಒಂದು ಮಾತು ಬೇಕು ಅನ್ಸಲ್ವಾ?"

ಕುಣಿಗಲ್‌ನ ಯುವಕ ಸಂಘದವರು ಆ ವರ್ಷವೂ ನಮ್ಮನ್ನು ಕರೆದರು. ಸಂಘದ ಅಧ್ಯಕ್ಷರು ಒಳ್ಳೆಯ ಮನುಷ್ಯ. "ಜಗಳ ಆಗೋದು ಬ್ಯಾಡ ಭಾಯ್. ಪೂರ್ತಿ ಹಾಡಿ, ಕೇಳೋಣ" ಎಂದಿದ್ದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡು ಕಡೆಯ ಹುಡುಗರೂ ಮುಂದೆಯೇ ಕೂತಿದ್ದರು. ಭಾಯ್ ಮೈಕ್ ಹಿಡಿದು, "ಅರ್ಥ ಹೇಳಕ್ಕೆ ನಾನು ಮೇಷ್ಟ್ರಲ್ಲ. ಹಾಡ್ತೀನಿ, ಕೇಳಿ" ಎಂದರು. ಮೊದಲ ಚರಣ ಆಯಿತು, ಎರಡನೆಯದು ಆಯಿತು. ಯಾರೂ ಕೂಗಲಿಲ್ಲ. ಸದ್ದು ಇಳಿಸಿ ಒಂದೇ ತಂತಿಗೆ ಬಂದರು. ನಾನು ಕೋಲು ಮಡಿಲಲ್ಲಿಟ್ಟೆ.

"ನಾನಂತೂ ಹೇಳಿದೆ" ಎಂದು ಎತ್ತಿಕೊಂಡರು, ಅಷ್ಟೇ. ಪಕ್ಕದಿಂದ ಅಧ್ಯಕ್ಷರು ಶಾಲು, ಪೇಟ ಹಿಡಿದು ಹತ್ತಿದರು. ಈ ಸಲ ಸನ್ಮಾನ ಭಾಯ್‌ಗೇ! ಭಾಯ್ ನಮ್ಮವರು ಎಂದು ಎಲ್ಲರೆದುರು ತೋರಿಸಿಬಿಟ್ಟರೆ ಜಗಳ ಮುಗಿಯುತ್ತದೆ ಎಂಬುದು ಆ ಪುಣ್ಯಾತ್ಮನ ಲೆಕ್ಕ. ಕಣ್ಣಂಚಿನಲ್ಲಿ ಶಾಲು ಕಂಡಿತೋ ಇಲ್ಲವೋ, ಭಾಯ್ ಬೆರಳುಗಳು ಅವರನ್ನು ಕೇಳದೆ ಪಲ್ಲವಿಗೆ ಹೊರಳಿಬಿಟ್ಟವು. ಇಷ್ಟು ವರ್ಷಗಳ ಅಭ್ಯಾಸ. ಜನ ಎದ್ದು ನಿಂತರು, ಎರಡೂ ಕಡೆಯವರು ಒಟ್ಟಿಗೆ "ಈ ನೆಲ ನಂದು" ಎಂದು ಕೂಗಿದರು. ಪೇಟದ ಕೆಳಗೆ ಭಾಯ್ ಮುಖ ನೋಡಲು ನನಗೆ ಆಗಲಿಲ್ಲ.

ವಾಪಸು ಬರುವಾಗ ಕೆರೆ ಏರಿಯ ಮೇಲೆ ವ್ಯಾನು ನಿಲ್ಲಿಸಿದರು. ಎಡಗೈಯನ್ನು ಬೇರೆಯವರ ಕೈಯೆಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಬೇರೆ ಯಾರೂ ಅಲ್ಲ ಕಣಮ್ಮ, ನನ್ನ ಬೆರಳೇ ನನಗೆ ಕೈ ಕೊಟ್ವು" ಎಂದರು. ಆಮೇಲೆ ಆ ಹಾಡನ್ನು ಅವರು ಹಾಡಲಿಲ್ಲ. ನಾನು ಕೇಳಿದಾಗಲೆಲ್ಲ, "ಹಾಡಣ, ಹಾಡಣ" ಎಂದು ರಿಪೇರಿಗೆ ತಲೆ ಬಗ್ಗಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅಂಗಡಿಯಲ್ಲೇ, ಆಂಪ್ಲಿಫೈಯರ್ ಬಿಚ್ಚಿಟ್ಟುಕೊಂಡು ಕೂತಿದ್ದವರು ಹಾಗೇ ಒರಗಿದರು. ಹೃದಯಾಘಾತ ಎಂದರು ಡಾಕ್ಟರು. ಈಗಲೂ ಯಾವುದಾದರೂ ಬಸ್ಸಿನ ಬಾಗಿಲಿಂದ ಗುಬ್ಬಿ ಗುಬ್ಬಿ ಎಂದು ಕೂಗಿದರೆ ನಾನು ತಿರುಗಿ ನೋಡುತ್ತೇನೆ. ನೋಡಿ, ಪೆಚ್ಚಾಗುತ್ತೇನೆ.

ತುಮಕೂರಿನ ಕಲಾವಿದರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಫೋಟೋಗೆ ಹಾರ ಹಾಕುವುದು ತಮ್ಮಲ್ಲಿಲ್ಲ, ಬೇಡ ಎಂದು ಮನೆಯವರು ಹೇಳಿದ್ದರಿಂದ ಸ್ಟೇಜಿನ ನಡುವೆ ಅವರ ಗಿಟಾರನ್ನು ನಿಲ್ಲಿಸಿದ್ದೆವು. ಆ ಹಾಡನ್ನು ನಾನೇ ಹಾಡಿದೆ, ಡ್ರಮ್ಸಿನ ಹಿಂದೆ ಕೂತು. ಮೂರನೆಯ ಚರಣ ಶುರುವಾಗುವುದಕ್ಕೂ ಮುಖ್ಯ ಅತಿಥಿಗಳ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗಿಟಾರಿಗೆ ಹೊದಿಸಲೆಂದು ಶಾಲು ಹಿಡಿದು ಹತ್ತೇಬಿಟ್ಟರು. ಸಂಘಟಕರು ನನ್ನ ಕಡೆ ಕೈ ಸುತ್ತಿಸಿ, ಪಲ್ಲವಿ, ಪಲ್ಲವಿ ಎಂದು ಸನ್ನೆ ಮಾಡಿದರು.

ನಾನು ಕೋಲು ಕೆಳಗಿಟ್ಟೆ. ಚರಣ ಮುಂದುವರಿಸಿದೆ. ಅತಿಥಿಗಳು ಬಿಚ್ಚಿದ ಶಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. "ಇವನು ನನ್ನವನು ಅಂತ" ಎಂಬ ಸಾಲು ಮುಗಿದಾಗ ಸಭೆ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ, ಬೈಯಲೂ ಇಲ್ಲ. ಹಿಂದಿನ ಸಾಲಿನಲ್ಲಿ, ಅಂಗಡಿಗೆ ಬರುವುದನ್ನು ಬಿಟ್ಟಿದ್ದ ಭಾಯ್ ಸೋದರಮಾವನ ಮಗ ಒಬ್ಬನೇ ಎದ್ದು ನಿಂತಿದ್ದ.

ಜನ ಪೂರ್ತಿ ಕೇಳಿದರು, ಭಾಯ್. ಕೇಳಿ, ಎಲ್ಲರೂ ನಿಮ್ಮ ಗಿಟಾರಿನ ಕಡೆ ನೋಡಿದರು.