ಸದ್ದಿನ ರೈಲು

ಎಂಬತ್ತರ ದಶಕದ ಕೊನೆಯಲ್ಲಿ, ಹನುಮಂತನಗರದ ನಮ್ಮ ಪಕ್ಕದ ಮನೆಯ ಅಂಕಲ್ ಊಟದ ಮೇಜಿನ ಮೇಲೆ ಪುಟ್ಟ ರೈಲು ಓಡಿಸುತ್ತಿದ್ದರು. ಗುಂಡಿ ಒತ್ತಿದರೆ ಅದನ್ನು ಓಡಿಸುವ, ನಿಲ್ಲಿಸುವ ಡಿಜಿಟಲ್ ಕಂಟ್ರೋಲನ್ನು ತಾವೇ ಬೆಸುಗೆ ಹಾಕಿ ಮಾಡಿದ್ದರು. ಕೆಟ್ಟಾಗಲೆಲ್ಲ ಕನ್ನಡಕವನ್ನು ಹಣೆಗೇರಿಸಿ, "ಅವಸರ ಬೇಡ, ಓಡುತ್ತೆ" ಎನ್ನುತ್ತಿದ್ದರು.

ಅವರ ಹೆಂಡತಿಗೆ ಕಣ್ಣು ಹೋಗಿತ್ತು. ಆಕೆಗಾಗಿಯೇ ಎಂಜಿನ್ನಿನೊಳಗೆ ಸಣ್ಣ ಸ್ಪೀಕರ್ ಕೂರಿಸಿ, ಉಗಿಬಂಡಿಯ ಸದ್ದು ಬರುವಂತೆ ಮಾಡಿದರು. ಮೊದಲ ದಿನ ನಾನೂ ಅಲ್ಲಿದ್ದೆ. ಸದ್ದು ಮೇಜನ್ನು ಸುತ್ತಿದಂತೆ ಆಕೆಯ ಮುಖವೂ ಅದರ ಹಿಂದೆಯೇ ತಿರುಗಿತು.

"ತಿರುವಲ್ಲಿ ನಿಧಾನ ಆಯ್ತಲ್ರೀ!" ಎಂದು ಆಕೆ ನಕ್ಕರು.

ಆ ಚಳಿಗಾಲದಲ್ಲೇ ಆಕೆ ತೀರಿಕೊಂಡರು. ಕೆಲವು ವಾರಗಳ ನಂತರ ನಾನು ಕಾಫಿ ಕೊಡಲು ಹೋದಾಗ ರೈಲು ಓಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

"ಸ್ಪೀಕರ್ ಕೆಟ್ಟೋಯ್ತಾ ಅಂಕಲ್?"

"ಇಲ್ಲಮ್ಮ, ಬಿಚ್ಚಿಟ್ಟೆ. ನಂಗೆ ಕಣ್ಣು ಕಾಣುತ್ತಲ್ಲ."