ಗಡಾರಿ ಹೇಳದ ಮಾತು

ಗಡಾರಿ ಎಂದರೆ ಬಂಡೆ ಮೀಟುವ ಕಬ್ಬಿಣದ ಸಲಾಕೆ. ಅವನಿಗೆ ಆ ಹೆಸರು ಬಿದ್ದ ದಿನ ಅಂಗಡಿಯಲ್ಲಿದ್ದ ನಿಜವಾದ ಗಡಾರಿಗಳು ನಾಚಿ ಬಾಗಿದವಂತೆ. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ಕಸುಬು. ಒಮ್ಮೆ ಅವನು ಮೂರನೇ ಮಹಡಿಯಿಂದ ಇಳಿಸಿದ ಬೀರುವಿನೊಳಗೆ ಮನೆಯ ಯಜಮಾನ ಹೆಂಡತಿಯ ಕಣ್ಣು ತಪ್ಪಿಸಿ ಮಲಗಿದ್ದನಂತೆ. ಹೊಸ ಮನೆಯಲ್ಲಿ ಬಾಗಿಲು ತೆಗೆದಾಗ ಆಕಳಿಸುತ್ತ ಹೊರಬಂದು, "ಕಾಫಿ ಆಯ್ತಾ?" ಎಂದನಂತೆ. ಅಲುಗದೆ ಹೊರುವುದು ಎಂದರೆ ಹಾಗೆ!

ಗಡಾರಿಯ ತಂಡದಲ್ಲಿ ಅವನ ಹೆಂಡತಿಯ ತಮ್ಮನಿದ್ದ; ಬಾಯಿ ಮುಚ್ಚದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರು. ಜೊತೆಗೆ ಅಣ್ಣತಮ್ಮಂದಿರಿಬ್ಬರು. ಇವರು ಬಾಯಿಯನ್ನೇ ತೆರೆಯದವರು. ಅವರಿಗೆ ಜೋಡೆತ್ತು ಎಂದು ಹೆಸರು. ನಾಲ್ವರಿಗೂ ಒಂದೇ ಕಟ್ಟಳೆ. ಭಾರ ಕೈಯಲ್ಲಿದ್ದಾಗ ಯಾರೇ "ಸುಸ್ತು" ಎಂದರೂ ಸರಿ, ಯಾಕೆ ಏನು ಎಂದು ಕೇಳದೆ ಎಲ್ಲರೂ ನಿಂತಲ್ಲೇ, ಒಟ್ಟಿಗೆ, ಮೆಲ್ಲಗೆ ಕೆಳಗಿಡಬೇಕು. ಒಬ್ಬ ಸೋತು ಇನ್ನೊಬ್ಬ ಎಳೆದರೆ ಬೆರಳು ಹೋಗುತ್ತದೆ, ಇಲ್ಲವೇ ಸಾಮಾನು ಹೋಗುತ್ತದೆ. ಈ ಕಟ್ಟಳೆ ಮಾಡಿದವನು ಗಡಾರಿ. ಹುಟ್ಟಿದಾಗಿನಿಂದ ಆ ಮಾತನ್ನು ಒಮ್ಮೆಯೂ ಆಡದವನೂ ಗಡಾರಿಯೇ.

ಅವನ ಹೆಂಡತಿಗೋ, ಆ ಮಾತಿಲ್ಲದೆ ಬೆಳಗೇ ಆಗುತ್ತಿರಲಿಲ್ಲ. "ನಿದ್ದೆ ಮಾಡಿ ಮಾಡಿ ಸುಸ್ತು" ಎಂದು ಏಳುವಳು. ಪಕ್ಕದ ಮನೆಯಾಕೆಯ ಜೊತೆ ಹರಟಿ "ನಕ್ಕು ನಕ್ಕು ಸುಸ್ತು" ಎನ್ನುವಳು. ಚೆಂದದ ಕಿವಿಯೋಲೆ ಕಂಡರೆ "ನೋಡೇ ಸುಸ್ತಾದೆ!" ತಮ್ಮ ರೇಡಿಯೋ ಮನೆಗೆ ಬಂದು ಬಾಯಿ ತೆರೆದರೆ, "ಇನ್ನೂ ಶುರು ಮಾಡಿಲ್ಲ, ಆಗ್ಲೇ ಸುಸ್ತಾಯ್ತು ಕಣೋ." ಗಂಡ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಕೂತಾಗ, ಆ ಬೋಳುತಲೆ ತಟ್ಟುತ್ತ, "ನಿಮ್ಮನ್ನ ಕಟ್ಕೊಂಡು ಸುಸ್ತಾಗಿ ಹೋದೆ ಕಣ್ರೀ" ಎಂದರೆ, ಅದಕ್ಕಿಂತ ಪ್ರೀತಿಯ ಮಾತು ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಜ್ವರ ಬಂದು ಏಳಲಾರದೆ ಬಿದ್ದಾಗ ಮಾತ್ರ, "ನಂಗೇನಾಗಿದೆ ಧಾಡಿ, ಗುಂಡುಕಲ್ಲಿನ ಹಾಗಿದೀನಿ" ಎನ್ನುವಳು.

ಒಂದು ದಿನ ತಂಡ ಭಾರಿ ಊಟದ ಮೇಜೊಂದನ್ನು ಹೊತ್ತು ರಸ್ತೆ ದಾಟುವಾಗ ಆಕೆ ಎದುರಾದಳು. "ಅಯ್ಯೋ, ಈ ಬಿಸಿಲಿಗೆ ಸುಸ್ತಪ್ಪಾ!" ಎಂದಳು. ಅಷ್ಟೇ! ಮೇಜು ನಡುರಸ್ತೆಯಲ್ಲಿ ಕೂತಿತು. ಬಸ್ಸುಗಳು ನಿಂತವು, ಲಾರಿಗಳು ಬೊಬ್ಬೆ ಹೊಡೆದವು. ಬಸ್ಸಿನಿಂದಿಳಿದ ಒಬ್ಬ ಪುಣ್ಯಾತ್ಮ ಮೇಜಿನ ಮೇಲೆ ಬುತ್ತಿ ಬಿಚ್ಚಿ, ಉಂಡು, ಕೈ ತೊಳೆದು, ಉಪ್ಪು ಕಡಿಮೆಯಾಯಿತೆಂದು ತಂಡವನ್ನೇ ಬೈದನಂತೆ. ಅಂದಿನಿಂದ ಭಾರ ಇದ್ದಲ್ಲಿ ಆಕೆ ಬಾಯಿ ಬಿಡುವಂತಿರಲಿಲ್ಲ.

ಹೀಗಿರುವಾಗ ಮಗಳ ಕನ್ನಡಿ ಬಂತು.

ಮಗಳು ಕೂದಲು ಕತ್ತರಿಸಿ ಸಿಂಗರಿಸುವ ಕೆಲಸ ಕಲಿತು ಮೂರನೇ ಮಹಡಿಯಲ್ಲಿ ಸ್ವಂತ ಅಂಗಡಿ ಇಡುತ್ತಿದ್ದಳು. ಮೊದಲ ಗಿರಾಕಿಗಳಾಗಿ ಒಂದಿಡೀ ನಾಟಕ ಕಂಪನಿಯೇ ಬರುವುದಿತ್ತು. ಸಂಜೆಯ ಆಟಕ್ಕೆ ರಾಜ, ರಾಣಿ, ಮಂತ್ರಿ, ಕಳ್ಳ ಎಲ್ಲರ ತಲೆಯೂ ಅವಳ ಕೈಯಲ್ಲೇ ಸಿದ್ಧವಾಗಬೇಕು. ಎಲ್ಲರೂ ಒಟ್ಟಿಗೆ ಮುಖ ನೋಡಿಕೊಳ್ಳುವಂಥ ಕನ್ನಡಿ ಇದೆ ಎಂದು ಆಕೆ ಮಾತು ಕೊಟ್ಟಿದ್ದಳು. ಒಂದೇ ಗಾಜು, ಗೋಡೆಯಷ್ಟು ಉದ್ದ! ಆನೆಯೂ ತನ್ನ ಬಾಲ ಸರಿಯಿದೆಯೇ ಎಂದು ನೋಡಿಕೊಳ್ಳಬಹುದಾಗಿತ್ತು.

"ಅಪ್ಪ, ಬೇರೆ ಗಾಜು ಸಿಗಲ್ಲ. ಇದೊಡೆದ್ರೆ ಅವ್ರೆಲ್ಲ ಎದುರಿನ ಅಂಗಡಿಗೆ ಹೋಗ್ತಾರೆ. ಆಮೇಲೆ ಈ ಕಡೆ ಯಾರು ಬರ್ತಾರೆ?"

"ಒಡಿಯೋದಾ? ನನ್ನ ಕೈಲಾ? ನೀನು ಬಾಚಣಿಗೆ ಜೋಡಿಸಮ್ಮ, ಹೋಗು!"

ಗಾಜಿಗೆ ರಜಾಯಿ ಸುತ್ತಿ ಕಟ್ಟಿದರು. ಮೇಲಿನ ತುದಿ ರೇಡಿಯೋಗೆ, ನಡುವೆ ಜೋಡೆತ್ತು, ಕೆಳಗಿನ ತುದಿ ಎಂದಿನಂತೆ ಗಡಾರಿಗೆ. ಗಾಜು ಹೊರುವಾಗ ಕೆಳಗಿನವನು ಪಾದಗಳಿಗೆ ದಪ್ಪ ಗೋಣಿ ಸುತ್ತಿಕೊಳ್ಳಬೇಕು. ಇಡುವಾಗ ಗಾಜಿನ ಅಂಚು ಮೊದಲು ಪಾದದ ಮೇಲೆ, ಆಮೇಲೆ ನೆಲಕ್ಕೆ. ಹೆಂಡತಿ ಮೇಲೆ ಅಂಗಡಿಯ ಬಾಗಿಲಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿ ನಿಂತಳು.

ಮೊದಲ ಮಹಡಿ ಹೂವೆತ್ತಿದ ಹಾಗೆ ಆಯಿತು. ಎರಡನೆಯದೂ ಆಯಿತು. ಅದರಾಚೆಯ ತಿರುವಿನ ಮೆಟ್ಟಿಲು ಯಾವನೋ ಜಿಪುಣ ಕಟ್ಟಿಸಿದ್ದು. ಬೆಕ್ಕೂ ಅಲ್ಲಿ ಬಾಲ ಮಡಚಿಕೊಂಡೇ ಹೋಗಬೇಕು. ಕನ್ನಡಿಯನ್ನು ನೆಟ್ಟಗೆ ನಿಲ್ಲಿಸದೆ ತಿರುಗಿಸುವಂತಿಲ್ಲ. ನಿಲ್ಲಿಸಿದ್ದೇ ತಡ, ಭಾರವೆಲ್ಲ ಸರ್ರನೆ ಗಡಾರಿಯ ಕೈಗಿಳಿಯಿತು! ಮೇಲಿನ ಮೂವರಿಗೆ ಉಳಿದದ್ದು ಗಾಜು ವಾಲದಂತೆ ಮುಟ್ಟಿಕೊಂಡಿರುವ ಕೆಲಸ ಮಾತ್ರ. ಅವರಿಗೆ ದಣಿವಾಗುವ ಮಾತೇ ಇಲ್ಲ. ಗಾಜಿನ ಮರೆಯಲ್ಲಿ ಗಡಾರಿಯ ಮುಖ ಅವರಿಗೆ ಕಾಣುವುದೂ ಇಲ್ಲ.

"ಭಾವ, ಎಷ್ಟು ಹಗುರ ಅಂತೀನಿ! ಹಪ್ಪಳ ಹಿಡಿದ ಹಾಗಿದೆ!" ಎಂದ ರೇಡಿಯೋ.

ಕೆಳಗೆ ಗಡಾರಿಗೆ ಅದು ಬಂಡೆಯಾಗಿತ್ತು. ಬೆರಳುಗಳು ಇವೆಯೋ ಬಿದ್ದುಹೋದವೋ ತಿಳಿಯದಾಯಿತು. ಕಾಲ ಕೆಳಗೆ ತಿರುವಿನ ಚಪ್ಪಟೆ ಜಾಗವಿತ್ತು, ಇಟ್ಟರೆ ಮುಗಿಯಿತು. ಆದರೆ ಒಬ್ಬನೇ ಇಟ್ಟರೆ ಮೇಲಿನವರ ಕೈ ಜಾರಿ ಗಾಜು ಪುಡಿಪುಡಿ! ಎಲ್ಲರೂ ಒಟ್ಟಿಗೆ ಇಳಿಸಬೇಕಾದರೆ ಆ ಒಂದು ಮಾತು ಬೇಕು. ಅದು ಗಂಟಲವರೆಗೆ ಬಂತು. ಅಲ್ಲಿ ಇಷ್ಟು ವರ್ಷಗಳ ಗಡಾರಿತನ ಅಡ್ಡ ಕೂತಿತ್ತು.

"ರೀ, ಹೇಗಿದೀರಿ?" ಬೆರಳ ಸಂದಿಯಿಂದ ಹೆಂಡತಿ ಕೇಳಿದಳು.

"ಚೆ... ಚೆನ್ನಾಗಿದೀನಿ!"

"ದನಿ ಯಾಕೆ ಮೇಕೆ ಥರ ಇದೆ?"

"ಬಾಯಿ ಮುಚ್ಚೇ!"

ಆಗಲೇ ರಜಾಯಿಯ ಗಂಟು ಬಿಚ್ಚಿತು. ರಜಾಯಿ ಜಾರಿ ಕಾಲಡಿ ಬಿತ್ತು. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಒಬ್ಬ ಮುದುಕ ಗಡಾರಿಯನ್ನೇ ನೋಡುತ್ತಿದ್ದ. ಮುಖ ಬೀಟ್ರೂಟು, ಕಣ್ಣು ಆಚೆ, ಬಿಳಿ ಹುಬ್ಬಿನಿಂದ ಬೆವರು ತೊಟತೊಟ. ಅಂಗೈಯಗಲದ ತುಂಡುಕನ್ನಡಿಯಲ್ಲಿ ಅರ್ಧ ಗಲ್ಲ ನೋಡಿ ಗಡ್ಡ ಹೆರೆದುಕೊಳ್ಳುತ್ತಿದ್ದ ಗಡಾರಿ, ಇಡೀ ಮುಖ ಕಂಡು ಎಷ್ಟು ಕಾಲವಾಗಿತ್ತೋ. ಇವನ್ಯಾವನಪ್ಪಾ! ಪಾಪ, ಈ ವಯಸ್ಸಿನವನ ಕೈಗೆ ಯಾರು ಕೊಟ್ಟರು ಇಷ್ಟು ಭಾರ?

"ಅಯ್ಯಯ್ಯೋ, ಈ ಮುದುಕಂಗೆ ಸುಸ್ತಾಗಿದೆ ಕಣ್ರೋ!" ಎಂದು ಕೂಗಿಬಿಟ್ಟ.

ಮಾತು ಹೊರಬಿದ್ದದ್ದೇ ಸಾಕು. ಯಾವ ಮುದುಕ, ಎಲ್ಲಿಯ ಮುದುಕ ಎಂದು ಯಾರೂ ಕೇಳಲಿಲ್ಲ. ರೇಡಿಯೋ ಬಗ್ಗಿದ, ಜೋಡೆತ್ತು ಬಗ್ಗಿತು, ಗಡಾರಿಯ ಮಂಡಿ ತಾನಾಗಿ ಬಗ್ಗಿತು. ಗಾಜಿನ ಅಂಚು ಗೋಣಿ ಸುತ್ತಿದ ಪಾದದ ಮೇಲೆ ಕೂತು, ಅಲ್ಲಿಂದ ರಜಾಯಿಗೆ ಇಳಿಯಿತು. ಟಣ್ ಎನ್ನಲಿಲ್ಲ, ಕಿರ್ ಎನ್ನಲಿಲ್ಲ!

ಮೇಲಿನಿಂದ ಮಗಳು ಎರಡೆರಡು ಮೆಟ್ಟಿಲು ಹಾರಿ ಬಂದಳು. ರೇಡಿಯೋ ಇಣುಕಿ ಕೇಳಿದ: "ಭಾವ! ಹೇಳಿದ್ದು ನೀವಾ?"

"ನಾನ್ಯಾಕೆ ಹೇಳ್ಲಿ?" ಗಡಾರಿ ಮೆಟ್ಟಿಲ ಮೇಲೆ ಕುಸಿದು, ಕನ್ನಡಿಯತ್ತ ಗಲ್ಲ ಎತ್ತಿದ. "ಅವನಿಗೆ ಆಗಿತ್ತು. ನಾನು ವಿಷ್ಯ ತಿಳಿಸ್ದೆ, ಅಷ್ಟೇ."

ಹುಟ್ಟಿ ಬುದ್ಧಿ ಬಂದಾಗಿನಿಂದ ಮಾತಾಡದ ಜೋಡೆತ್ತಿನ ಹಿರಿಯವನು ಕೆಳಗಿಳಿದು ಬಂದ. "ನೀವು ಮೇಲಿನ ತುದಿ ಹಿಡೀರಣ್ಣ" ಎಂದ. ಗಡಾರಿ ಒಮ್ಮೆ ಅವನನ್ನು, ಒಮ್ಮೆ ಮುದುಕನನ್ನು ನೋಡಿದ. ಮುದುಕ ತಲೆಯಾಡಿಸುತ್ತಿದ್ದ. ಗಡಾರಿ ಗೋಣಿ ಬಿಚ್ಚಿ ಕೊಟ್ಟ.

ಕನ್ನಡಿ ಗೋಡೆ ಸೇರಿತು. ನಾಟಕದವರ ಗದ್ದಲ ಆಗಲೇ ಮೆಟ್ಟಿಲಲ್ಲಿ ಕೇಳಿಸುತ್ತಿತ್ತು. "ಮೊದ್ಲು ನೀನು ಕೂತ್ಕೋ ಅಪ್ಪ, ಹುಬ್ಬು ಕತ್ತರಿಸ್ತೀನಿ" ಎಂದು ಮಗಳು ಅವನನ್ನು ಹೊಸ ಕುರ್ಚಿಗೆ ತಳ್ಳಿದಳು. ಗಡಾರಿ ಮೆತ್ತಗೆ ಒರಗಿ ಎದುರಿನವನನ್ನು ಮಾತಾಡಿಸಿದ:

"ಏನಯ್ಯಾ, ತುಂಬಾ ಸುಸ್ತಾ?"

ಹಿಂದೆ ಧೊಪ್ ಎಂದಿತು. ಗಿರಾಕಿಗಳು ಕೂರುವ ಉದ್ದ ಸೋಫಾ ಒಳತರುತ್ತಿದ್ದ ಜೋಡೆತ್ತು, ಕಟ್ಟಳೆ ತಪ್ಪದೆ, ಅದನ್ನು ಬಾಗಿಲಲ್ಲೇ ಅಡ್ಡ ಇಟ್ಟುಬಿಟ್ಟಿತ್ತು. ರಾಜ, ರಾಣಿ, ಮಂತ್ರಿ, ಕಳ್ಳ ಎಲ್ಲರೂ ಹೊರಗೇ ಉಳಿದರು. ಹೆಂಡತಿ ಬಾಯಿಂದ ಕೈ ತೆಗೆದು, ಬಿದ್ದು ಬಿದ್ದು ನಕ್ಕಳು.

"ಎತ್ತಲಾ ಅಣ್ಣ?" ಎಂದ ಹಿರಿಯವನು.

ಗಡಾರಿ ಕಣ್ಣು ಮುಚ್ಚಿದ. "ಬೇಡ ಬಿಡ್ರೋ. ಇರ್ಲಿ, ಸ್ವಲ್ಪ ಹೊತ್ತು."