ಶಾಲೆಗೆ ಕರೆಯುವವಳ ಮಗಳು

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನವರ ಬಾಯಲ್ಲಿ ಅಕ್ಕೋರು. ಜೂನ್ ತಿಂಗಳು ಬಂತೆಂದರೆ ಮನೆ ಮನೆಗೆ ಹೋಗಿ, ಶಾಲೆಗೆ ಬಾರದ ಮಕ್ಕಳನ್ನು ಕರೆದುಕೊಂಡು ಬರುವುದು ನನ್ನ ಕೆಲಸಗಳಲ್ಲೊಂದು. ಆ ಕೆಲಸವನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ನನ್ನ ಗಂಟಲು ದೊಡ್ಡದು, ಹಟ ಅದಕ್ಕಿಂತ ದೊಡ್ಡದು. ಹೀಗಿದ್ದೂ ನನ್ನ ಸ್ವಂತ ಮಗಳು ಕೆಲವು ವರ್ಷ ಶಾಲೆಗೆ ಹೋಗದೆ ಮನೆಯಲ್ಲಿದ್ದಳು. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ.

ಅದು ಎರಡು ಸಾವಿರದ ಇಸವಿಯ ಆಸುಪಾಸು. ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿಗೇ ಸೇರಿತ್ತು. ನಮ್ಮ ಊರು ತುಕ್ಕಾನಟ್ಟಿಯಿಂದ ಒಳಗೆ. ನಮ್ಮ ಮನೆ ಊರಿನಿಂದಲೂ ಆಚೆ, ಕಾಲುವೆಯ ಸಣ್ಣ ಸೇತುವೆ ದಾಟಿ ಹೊಲದಲ್ಲಿ. ಗಂಡನದು ಒಕ್ಕಲುತನ. ಮನೆಯಲ್ಲಿ ನಾವಿಬ್ಬರು, ಮಗಳು, ನನ್ನ ಅತ್ತೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ಹಾಗಾಗಿ ನಮ್ಮ ಮನೆಯ ದೊಡ್ಡ ಮಾತುಕತೆ, ಸಣ್ಣ ಜಗಳ ಎಲ್ಲವೂ ಸಂಜೆಯ ತಾಟಿನ ಮುಂದೆ, ಬೆಳಕಿದ್ದಾಗಲೇ ಮುಗಿಯಬೇಕಿತ್ತು.

ಮಗಳನ್ನು ನಮ್ಮ ಶಾಲೆಗೇ ಹಚ್ಚಿದ್ದೆ. ಮನೆಯಲ್ಲಿ ಬಾಯಿಗೆ ಬಿಡುವಿಲ್ಲದಂತೆ ಮಾತಾಡುವ ಹುಡುಗಿ ಶಾಲೆಯ ಬಾಗಿಲು ದಾಟಿದರೆ ಮೂಕಿ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ದೂರುವುದಕ್ಕೆ ಒಬ್ಬರಾದರೂ ಸಿಗಬೇಕಲ್ಲ, ಅದೂ ಇಲ್ಲ. ಎರಡನೆಯ ಇಯತ್ತೆಗೆ ಬರುವ ಹೊತ್ತಿಗೆ ಬೆಳಿಗ್ಗೆ ಜಡೆ ಹೆಣೆಯಲು ಕುಳ್ಳಿರಿಸಿಕೊಂಡರೆ ಸಾಕು, ಕುಡಿದ ಹಾಲೆಲ್ಲ ಅಂಗಳಕ್ಕೆ ಬರುತ್ತಿತ್ತು. ಮೂಡಲಗಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲದ್ದಕ್ಕೆ ಔಷಧಿ ಎಲ್ಲಿಂದ ತರುವುದು?

ಅಂಥ ದಿನಗಳಲ್ಲೇ ನನ್ನ ಗಂಡ ಸಂಕೇಶ್ವರದ ಕಡೆ ಗೊಬ್ಬರ ಹಾಕದ ಬೇಸಾಯದ ಶಿಬಿರಕ್ಕೆಂದು ಹೋಗಿ, ಬೇಸಾಯದ ಜೊತೆಗೆ ಇನ್ನೊಂದು ವಿಚಾರವನ್ನೂ ತಲೆಗೆ ಹಾಕಿಕೊಂಡು ಬಂದರು.

"ಅಲ್ಲಿ ಒಬ್ಬರ ಮನ್ಯಾಗ ಹುಡುಗರು ಸಾಲಿ ಮುಖಾನ ಕಂಡಿಲ್ಲ. ಎಷ್ಟು ಚಂದ ಮಾತಾಡ್ತಾವು ಅಂದ್ರ, ನೀ ನೋಡಬೇಕಿತ್ತು," ಎಂದರು ಊಟಕ್ಕೆ ಕೂತಾಗ.

"ಮಾತು ನಮ್ಮಾಕಿಗೂ ಬರ್ತೈತ್ರಿ. ಮುಂದ ಪಾಸಾಗೂದು ಬ್ಯಾಡೇನು?"

"ಒಂದು ವರ್ಷ ಬಿಟ್ಟು ನೋಡೂಣು. ವಾಂತಿ ಅಂತೂ ನಿಲ್ತೈತಿ."

ಅತ್ತೆ ರೊಟ್ಟಿ ಹಾಕುತ್ತಿದ್ದವರು ಕೈ ತಡೆದರು. "ನಮ್ಮಪ್ಪ ನನಗ ಸಾಲಿಗಿ ಕಳಿಸಲಿಲ್ಲ ಅಂತ ನಾ ಅತ್ತೇನಿ. ಈಗ ಓದಿದಾರ ಇಬ್ರೂ ಕುಂತು ಸಾಲಿ ಬ್ಯಾಡ ಅನ್ನಾಕತ್ತೀರಿ. ನಿಮ್ಮ ಬುದ್ಧಿಗಿ ಏನನ್ನಬೇಕೋ ನನಗಂತೂ ತಿಳೀವಲ್ದು."

ನನಗೂ ತಿಳಿಯುತ್ತಿರಲಿಲ್ಲ. ನಾನು ಒಪ್ಪಿದ್ದು ಗಂಡನ ವಿಚಾರಕ್ಕಲ್ಲ, ಮಗಳ ವಾಂತಿಗೆ. ಅದೋ, ಶಾಲೆ ಬಿಡಿಸಿದ ವಾರದಲ್ಲಿ ನಿಂತೇ ಹೋಯಿತು. ಇನ್ನು ವಾದ ಮಾಡುವುದಕ್ಕೆ ನನ್ನ ಕೈಯಲ್ಲಿ ಏನು ಉಳಿಯಿತು?

ನಮ್ಮ ಮನೆಯಲ್ಲಿ ಒಂದು ಕರಾರು ಆಯಿತು: ಅವಳಾಗಿ ಕೇಳಿದರೆ ಮಾತ್ರ ಹೇಳಿಕೊಡುವುದು, ಕೇಳದಿದ್ದರೆ ಇಲ್ಲ. ಹೇಳುವುದು ಸುಲಭ. ಮಗಳು ಅತ್ತೆಯ ಹಿಂದೆ ಕಳೆ ತೆಗೆಯುತ್ತ ಪ್ರತಿ ಹುಲ್ಲಿನ ಹೆಸರು ಕಲಿತಳು. ಅರಿಷಿಣ ಕುದಿಸುವಾಗ ಯಾವಾಗ ಬೆಂದಿದೆ ಎಂದು ವಾಸನೆಯಿಂದಲೇ ಹೇಳುತ್ತಿದ್ದಳು. ಬೀಜದ ಚೀಲದ ಮೇಲಿನ ಅಕ್ಷರ ತೋರಿಸಿ ಇದೇನು, ಅದೇನು ಎಂದು ಕೇಳಿ ಕೇಳಿ ಅಷ್ಟಿಷ್ಟು ಓದತೊಡಗಿದಳು. ಆದರೆ ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು, ನಿಂತು ಮುಂದೆ ಹಾರುತ್ತಿದ್ದಳು, ಅದೇನೆಂದು ಮಾತ್ರ ಕೇಳುತ್ತಿರಲಿಲ್ಲ. ನಾನು ಹಗಲೆಲ್ಲ ಊರಿನ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿ ಮನೆಗೆ ಬಂದು, ನನ್ನ ಮಗಳು ಹಾರುವುದನ್ನು ನೋಡುತ್ತ ತುಟಿ ಕಚ್ಚಿ ಕೂರಬೇಕಿತ್ತು.

ಒಮ್ಮೆ ಅವಳನ್ನು ಕರೆದುಕೊಂಡು ಹುಕ್ಕೇರಿಗೆ ಹೋದೆ. ಅದು ನನ್ನ ತವರು. ಸಂತೆಯ ದಿನ, ಅಣ್ಣನ ಮನೆಯ ತುಂಬ ಹಳ್ಳಿಗಳಿಂದ ಬಂದ ಬೀಗರು. ಅಣ್ಣ ಎಲ್ಲರೆದುರಿಗೆ ನನ್ನ ಮಗಳನ್ನು ನಿಲ್ಲಿಸಿ, "ಏಳೆಂಟ್ಲೆ ಎಷ್ಟು ಹೇಳವಾ," ಎಂದ.

"ಯಾತರದ್ದು ಮಾಮಾ?" ಎಂದಳು ಇವಳು.

ಮನೆ ನಕ್ಕಿತು. "ಅಕ್ಕೋರ ಮಗಳಿಗಿ ಮಗ್ಗಿ ಬರಂಗಿಲ್ಲ!" ಎಂದ ಅಣ್ಣ. ಅವನ ನಗೆಯಲ್ಲಿ ಕೆಟ್ಟತನ ಇರಲಿಲ್ಲ, ಆದರೂ ನನಗೆ ಅಲ್ಲೇ ನೆಲ ಬಾಯಿಬಿಟ್ಟಿದ್ದರೆ ಒಳ್ಳೆಯದಿತ್ತು ಅನಿಸಿತು. ಮಗಳೂ ಅವರ ಜೊತೆ ನಕ್ಕಳು, ಏಕೆ ನಗುತ್ತಿದ್ದಾರೆಂದು ಗೊತ್ತಿಲ್ಲದೆ. ಗೋಕಾಕದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಅಂಗಡಿಗಳ ಬೋರ್ಡು ಓದುತ್ತ, ಒತ್ತಕ್ಷರಗಳನ್ನು ನುಂಗುತ್ತ ಬಂದಳು. ನಾನು ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ಧೂಳು ಬಿತ್ತೆಂದು ಪಕ್ಕದವರಿಗೆ ಸುಳ್ಳು ಹೇಳುತ್ತ ಬಂದೆ.

ಮರುದಿನವೇ ಕರಾರು ಮುರಿದೆ. ಹಿತ್ತಿಲಲ್ಲಿ ಜಡೆ ಹೆಣೆಯುತ್ತ ಅವಳಿಂದ ಮೆಲ್ಲಗೆ ಮಗ್ಗಿ ಹೇಳಿಸತೊಡಗಿದೆ. "ಅಪ್ಪಗ ಹೇಳಬ್ಯಾಡ," ಎಂದೆ. ಅವಳು ದೊಡ್ಡವರಂತೆ ತಲೆಯಾಡಿಸಿದಳು. ಅವಳಿಗೆ ಅದು ಆಟದಂತೆ ಇತ್ತು. ನನಗೆ ಮಾತ್ರ ಸ್ವಂತ ಮನೆಯಲ್ಲಿ ಕಳ್ಳತನ ಮಾಡಿದ ಹಾಗಾಗುತ್ತಿತ್ತು.

ಒಂದು ರವಿವಾರ ಹೊಲದಲ್ಲಿದ್ದ ಗಂಡನಿಗೆ ಮಜ್ಜಿಗೆ ಒಯ್ದೆ. ಗೋವಿನಜೋಳ ಆಳೆತ್ತರ ಬೆಳೆದಿತ್ತು. ಮನುಷ್ಯರು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು," ಎಂದು ನನ್ನ ಗಂಡ ಹೇಳುತ್ತಿದ್ದರು. ಮಗಳು, ನಾನು ಆಗಲೇ ಕಲಿಸಿದ್ದ ಮಗ್ಗಿಯನ್ನೇ, ಇದೇ ಮೊದಲು ಕೇಳಿದವಳ ಹಾಗೆ ಒಂದೊಂದಾಗಿ ಅವರ ಹಿಂದೆ ಹೇಳುತ್ತಿದ್ದಳು. ಕೊನೆಗೆ ಗಂಡನ ದನಿ ತಗ್ಗಿತು: "ಅವ್ವಗ ಹೇಳಬ್ಯಾಡ ಮತ್ತ."

ನನಗೆ ಮೊದಲು ನಗೆ ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಹೆದರಿಕೆ ಬಂತು. ಇಷ್ಟು ದಿನ ನನಗೆ ಎಷ್ಟೇ ಅನುಮಾನ ಬಂದರೂ, ಅವರಿಗಾದರೂ ಖಚಿತವಿದೆಯಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ಅವರೂ ನನ್ನ ಹಾಗೆಯೇ ಎಂದಾದರೆ ಈ ಹುಡುಗಿಯನ್ನು ಯಾರ ಭರವಸೆಯ ಮೇಲೆ ಮನೆಯಲ್ಲಿ ಇಟ್ಟುಕೊಂಡಿದ್ದೇವೆ? ಮಜ್ಜಿಗೆಯ ತಂಬಿಗೆಯನ್ನು ಬದುವಿನ ಮೇಲಿಟ್ಟು, ಸದ್ದು ಮಾಡದೆ ಹಿಂತಿರುಗಿದೆ. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇನ್ನು ಜೂನ್ ತಿಂಗಳ ಪ್ರಭಾತ ಫೇರಿಯ ಮಾತು. ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮುಂದೆ ಹಲಗಿ ಬಾರಿಸಿಕೊಂಡು ಊರೆಲ್ಲ ತಿರುಗುತ್ತಿದ್ದೆವು. ಶಾಲೆಗೆ ಬಾರದ ಮಗುವಿರುವ ಮನೆಯ ಮುಂದೆ ಫೇರಿ ನಿಲ್ಲುತ್ತಿತ್ತು. ನಾನು ಹೊಸ್ತಿಲವರೆಗೆ ಹೋಗಿ ಮಗುವಿನ ಹೆಸರು ಹಿಡಿದು ಮೂರು ಸಲ ಕರೆಯಬೇಕು, ಹಣೆಗೆ ಕುಂಕುಮ ಹಚ್ಚಿ ಕೈಗೆ ಹೂ ಕೊಡಬೇಕು, ಮಗು ಸಾಲಿಗೆ ಬಂದು ಸೇರಬೇಕು. ಇದು ನಮ್ಮ ಶಾಲೆಯ ಪದ್ಧತಿ. ಅಳುವ ಮಕ್ಕಳೂ ಹೆಸರು ಕರೆದ ಮೇಲೆ, ಹಲಗಿಯ ಸದ್ದಿಗೆ ಹೆಜ್ಜೆ ಹಾಕಿಬಿಡುತ್ತಿದ್ದವು.

ಮಗಳು ಶಾಲೆ ಬಿಟ್ಟ ಮೇಲಿನ ಮೊದಲ ಫೇರಿ ಕಾಲುವೆಯ ಹತ್ತಿರ ಬಂದಾಗ ಹೆಡ್‌ಮಾಸ್ತರರು ತಾವಾಗಿಯೇ, "ಇಲ್ಲಿಂದ ಹೊಳ್ಳೂಣ್ರಿ ಅಕ್ಕೋರ, ಆಚಿ ಕಡೆ ಮನಿಗೋಳಿಲ್ಲ," ಎಂದರು. ಆಚೆ ಒಂದು ಮನೆ ಇತ್ತು, ಅದು ನಮ್ಮದು. ಅವರು ನನ್ನ ಮಾನ ಕಾಪಾಡಿದರು. ಆ ಹೊತ್ತಿಗೆ ಅವರ ಕಾಲಿಗೆ ಬೀಳಬೇಕು ಅನಿಸಿತು.

ಕಾಲುವೆಯ ಈಚೆ ದಂಡೆಗೆ ಕುರುಬರ ಮನೆಯೊಂದಿತ್ತು. ಹಿಂದೆ ಕುರಿಗಳ ಜೊತೆ ಊರೂರು ತಿರುಗಿದವರು, ಈಗ ತುಂಡು ಹೊಲ ಮಾಡಿಕೊಂಡು ನೆಲೆ ನಿಂತಿದ್ದರು. ಆ ಮನೆಯ ಹುಡುಗಿ ನನ್ನ ಮಗಳ ವಾರಿಗೆಯವಳು. ಕುರಿ ಕಾಯುತ್ತಿದ್ದಳು. ಇಬ್ಬರೂ ದಿನವೆಲ್ಲ ಕಾಲುವೆಯ ದಂಡೆಯಲ್ಲೇ ಇರುತ್ತಿದ್ದರು. ಮುಂದಿನ ವರ್ಷ ಫೇರಿ ಅವರ ಮನೆಯ ಮುಂದೆ ನಿಂತಿತು. ನಾನು ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಹೋದೆ. ಹುಡುಗಿಯ ತಾಯಿ ಅಡ್ಡ ನಿಂತಳು.

"ನಿಮ್ಮಾಕಿ ಬಂದ ದಿನ ನಮ್ಮಾಕಿನೂ ಬರ್ತಾಳ್ರಿ ಅಕ್ಕೋರ."

"ನಮ್ಮಾಕಿದು ಬ್ಯಾರೆ ಐತೆವ್ವಾ. ಅಕಿ ಮನ್ಯಾಗ ಕಲ್ಯಾಕತ್ತಾಳ," ಎಂದೆ. ಹೇಳುವಾಗಲೇ ನನ್ನ ದನಿ ನನಗೆ ಬೇರೆಯವರದೆನಿಸಿತು.

"ನಮ್ಮಾಕಿನೂ ಮನ್ಯಾಗ ಕಲ್ಯಾಕತ್ತಾಳ್ರಿ. ಕುರಿಗಿ ಏನ್ ಬ್ಯಾನಿ ಅಂತ ಅದು ನಡಿಯೂದು ನೋಡಿ ಹೇಳ್ತಾಳ. ನಿಮ್ಮಾಕಿ ಮನ್ಯಾಗ ಉಳಿದ್ರ ಅದಕ್ಕೊಂದು ದೊಡ್ಡ ಹೆಸರು, ನಮ್ಮಾಕಿ ಉಳಿದ್ರ ನಾವು ದಡ್ಡರೇನ್ರಿ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ಅಂಗಡಿಯವನನ್ನು ಕೇಳುವ ಹಾಗೆ ಕೇಳಿದಳು. ನನ್ನ ಹಿಂದೆ ಹಲಗಿ ನಿಂತಿತ್ತು, ಮಕ್ಕಳು ಕಾಯುತ್ತಿದ್ದವು. ಎಷ್ಟೋ ಬಾಗಿಲುಗಳಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸಿದವಳು ನಾನು. ಬಟ್ಟಲು ಹಿಡಿದುಕೊಂಡೇ ತಿರುಗಿ ಬಂದೆ.

ಸಂಜೆ ತಾಟಿನ ಮುಂದೆ ಗಂಡನಿಗೆ ಹೇಳಿದೆ: "ಆ ಹುಡುಗಿ ನಮ್ಮಿಂದ ಮನ್ಯಾಗ ಉಳೀತ್ರಿ."

ಅವರು ಎತ್ತಿದ ತುತ್ತನ್ನು ತಾಟಿಗೇ ಇಟ್ಟರು. "ಹಂಗಾರ ನಮ್ಮಾಕಿನ್ನ ಕಳಸೂಣು ಅಂತಿ ಏನು?"

"ನಾ ಏನೂ ಅನ್ನಂಗಿಲ್ಲ. ಬಿಡಸಿದಾರು ನೀವು, ನೀವ ಅನ್ರಿ."

"ಸಾಲಿ ಕಲಿಸಾಕಿ ನೀ. ನಿನಗ ತಿಳೀಬೇಕು."

ಕಳಿಸಿ ಮತ್ತೆ ಅಂಗಳದಲ್ಲಿ ವಾಂತಿ ಬಳಿಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಳಿಸದೆ ನೆಮ್ಮದಿಯಿಂದ ಇರುವ ಧೈರ್ಯವೂ ಇರಲಿಲ್ಲ. ಅತ್ತೆ ನಮ್ಮಿಬ್ಬರನ್ನು ನೋಡಿ ಎದ್ದು ಹೋದರು. ಮಗಳನ್ನು ಕೇಳಬಹುದಿತ್ತು. ಅವಳು ಅಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದಳು. ಆದರೆ ಕೇಳಿದರೆ ಎಲ್ಲಿ ಒತ್ತಾಯ ಮಾಡಿದಂತಾಗುತ್ತದೋ ಎಂದು ಹೆದರಿ ಕೇಳಲಿಲ್ಲ.

ಮರುವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆ ತಾಯಿಯೇ ನನ್ನನ್ನು ದಾರಿಯಲ್ಲಿ ನಿಲ್ಲಿಸಿದಳು. "ಈ ಸಲ ಫೇರಿ ನಮ್ಮ ಮನಿಗಿ ಬರ್ಲಿ ಅಕ್ಕೋರ, ಕಳಸ್ತೇನಿ. ನಿಮ್ಮಾಕಿ ಹೆಂಗೂ ದಾರಿ ಹತ್ತತಾಳ್ರಿ, ಮನ್ಯಾಗ ಓದಿದಾರು ಇಬ್ರ ಅದೀರಿ. ನಮ್ಮಾಕಿಗಿ ಯಾರದಾರ?" ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನಮ್ಮ ಮಗಳು ದಾರಿ ಹತ್ತುತ್ತಾಳೆಂದು ನನಗಿಲ್ಲದ ನಂಬಿಕೆ ಇವಳಿಗೆ ಎಲ್ಲಿಂದ ಬಂತೆಂದು ತಿಳಿಯದೆ ಅಲ್ಲೇ ನಿಂತೆ.

ಫೇರಿಯ ದಿನ ಮಳೆ ಹನಿದು ನಿಂತಿತ್ತು. ಕುರುಬರ ಮನೆಯ ಮುಂದೆ ಹಲಗಿ ಜೋರಾಯಿತು. ನಾನು ಆ ಹುಡುಗಿಯ ಹೆಸರನ್ನು ಮೂರು ಸಲ ಕರೆದೆ. ಅವಳು ನಾಚಿಕೊಂಡು ತಾಯಿಯ ಸೀರೆಯ ಹಿಂದಿನಿಂದ ಬಂದಳು. ಕುಂಕುಮ ಹಚ್ಚಿ ಕೈಗೆ ಹೂ ಕೊಟ್ಟೆ. ಒಂದನೆಯ ಇಯತ್ತೆಯ ಸಣ್ಣ ಮಕ್ಕಳ ನಡುವೆ ಉದ್ದಕ್ಕೆ ನಿಂತು ಅವಳು ಮೊದಲು ತಲೆ ತಗ್ಗಿಸಿದಳು, ಆಮೇಲೆ ನಕ್ಕಳು. ಅವಳ ತಾಯಿ ಕಣ್ಣೊರೆಸಿಕೊಂಡಳು.

ಆಗ ಕಾಲುವೆಯ ಆಚೆ, ನಮ್ಮ ಹೊಲದ ಬೇಲಿಯ ಹತ್ತಿರ, ನನ್ನ ಮಗಳು ಕಂಡಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ನೆಂಟರ ಮದುವೆಗೆಂದು ಹೊಲಿಸಿದ್ದ ಹಸಿರು ಫ್ರಾಕು. ಗೆಳತಿಯನ್ನು ಕಳಿಸಿಕೊಡಲು ಬಂದಿದ್ದಾಳೆ ಎಂದುಕೊಂಡೆ. ಕೈ ಎತ್ತಿದೆ. ಅವಳೂ ಕೈ ಎತ್ತಿದಳು. ಹೆಡ್‌ಮಾಸ್ತರರು ನನ್ನ ಮುಖ ನೋಡಿ, ಪ್ರತಿ ವರ್ಷದಂತೆ ಅಲ್ಲಿಂದಲೇ ಫೇರಿ ಹೊಳ್ಳಿಸಿದರು. ನಾನು ಹಿಂದೆ ನೋಡದೆ ಗಟ್ಟಿಯಾಗಿ ಘೋಷಣೆ ಕೂಗುತ್ತ ನಡೆದೆ.

ಸಂಜೆ ಊಟಕ್ಕೆ ಕೂತಾಗ ಮಗಳ ಮೈಮೇಲೆ ಇನ್ನೂ ಅದೇ ಫ್ರಾಕು. "ಮುಂಜಾನಿ ಎದ್ದಾಕಿನ, 'ಆಯಿ, ತಲಿ ಹಿಕ್ಕು, ತಲಿ ಹಿಕ್ಕು' ಅಂತ ನನ್ನ ಜೀಂವಾ ತಿಂದ್ಲು ನೋಡವಾ," ಎಂದರು ಅತ್ತೆ. ಮಗಳು ತಾಟಿನಿಂದ ತಲೆ ಎತ್ತಲಿಲ್ಲ.

"ಅವ್ವಾ, ನೀ ಎಲ್ಲಾರ ಮನಿಗೂ ಹೋಗಿ ಕರದಿ. ನನ್ನ ಯಾಕ ಕರೀಲಿಲ್ಲ?"

ನನ್ನ ಗಂಡ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ನಿನಗ ಸಾಲಿ ಬ್ಯಾಡಲ್ಲವಾ?" ಎಂದೆ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ.

ಅವಳು ರೊಟ್ಟಿಯ ಇನ್ನೊಂದು ಚೂರು ಮುರಿದಳು.

"ಕರದಿದ್ರ ಬರ್ತಿದ್ದೇನು?" ಎಂದು ಮತ್ತೆ ಕೇಳಿದೆ.

"ನನಗೇನು ಗೊತ್ತು," ಎಂದಳು. "ಕರದಿದ್ರ ಗೊತ್ತಾಗ್ತಿತ್ತು."